ಬೇಬಿಯಕ್ಕನ ಕೈ

ಬೇಬಿಯಕ್ಕ ತೀರಿಕೊಂಡು ತಿಂಗಳಾಗುತ್ತಾ ಬಂತು. ಆ ಸಿನಿಮಾದ ಮಗು ಆಕೆಯೇ ಹೌದೋ ಅಲ್ಲವೋ ಎಂಬುದು ಹೊಳೆನರಸೀಪುರದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಾನು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಒತ್ತುವರಿ, ಬೇಲಿ ಜಗಳ, ಸತ್ತವರು ಬದುಕಿದ್ದಾರೆಂಬ ದೂರು, ಬದುಕಿದ್ದವರು ಸತ್ತಿದ್ದಾರೆಂಬ ದೂರು, ಎಲ್ಲಕ್ಕೂ ಒಂದು ಷರಾ ಬರೆದು ಕಡತ ಮುಚ್ಚಿದವನು. ಸದರಿ ಪ್ರಕರಣವೊಂದರಲ್ಲಿ ಮಾತ್ರ ಎರಡೂ ಕಡೆಯ ಸಾಕ್ಷಿ ಕೇಳಿ ಕೇಳಿ ತಲೆ ಕೆಟ್ಟು ಕೂತಿದ್ದೇನೆ.

ಸಿನಿಮಾ ನೋಡದವರಿಗಾಗಿ ನಾಲ್ಕು ಮಾತು. ನೋಡದವರು ನಮ್ಮ ಸೀಮೆಯಲ್ಲಿ ಇರಲಾರರು, ಆದರೂ ಕ್ರಮ ಅಂತ ಒಂದಿದೆಯಲ್ಲ. ಕಪ್ಪು ಬಿಳುಪಿನ ಸಂಸಾರದ ಚಿತ್ರ ಅದು. ಗಂಡ ಹೆಂಡತಿ ಯಾವುದೋ ಅನುಮಾನದ ಮೇಲೆ ಬೇರೆಯಾಗುತ್ತಾರೆ. ನಡುವೆ ಒಬ್ಬ ಪುಟ್ಟ ಹುಡುಗ. ದೊಗಲೆ ಚಡ್ಡಿ, ಬೋಳುತಲೆಯ ಮೇಲೆ ಆಗತಾನೆ ಚಿಗುರಿದ ಕೂದಲು, ಎಡಗೆನ್ನೆಯಲ್ಲಿ ಒಂದು ಗುಳಿ. ಟಿಫನ್ ಕ್ಯಾರಿಯರ್ ಹೊತ್ತು ಅಮ್ಮನ ಮನೆಗೂ ಅಪ್ಪನ ಮನೆಗೂ ಓಡಾಡುತ್ತಾನೆ, ಇಬ್ಬರಿಗೂ ಮುದ್ದಾಗಿ ಸುಳ್ಳು ಹೇಳುತ್ತಾನೆ, ಒಂದು ಹಾಡು ಹಾಡುತ್ತಾನೆ, ಕಡೆಗೆ ಜ್ವರ ಬಂದು ಮಲಗುತ್ತಾನೆ. ಮಲಗಿದಲ್ಲಿಂದಲೇ ಅಪ್ಪನ ಕೈ ಎಳೆದು ಅಮ್ಮನ ಕೈಮೇಲಿಟ್ಟು, ಅದರ ಮೇಲೆ ತನ್ನ ಕೈ ಇಡುತ್ತಾನೆ. ತೆರೆಯ ತುಂಬ ಮೂರು ಕೈ. ಚನ್ನರಾಯಪಟ್ಟಣದ ಟೆಂಟಿನಲ್ಲಿ ಈ ದೃಶ್ಯ ಬಂದಾಗ ನಮ್ಮಪ್ಪ, ಹೆತ್ತ ತಾಯಿ ಸತ್ತಾಗಲೂ ಕಣ್ಣು ಒರೆಸಿಕೊಳ್ಳದಿದ್ದ ಮನುಷ್ಯ, ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡರು. ಈಗ ಅದೇ ಸಿನಿಮಾ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಮೊದಲಲ್ಲಿ ಹೆಸರು ತೋರಿಸುವ ಭಾಗವನ್ನು ಯಾರೋ ಪುಣ್ಯಾತ್ಮರು ಕತ್ತರಿಸಿ ಎಸೆದಿದ್ದಾರೆ. ಹೀಗಾಗಿ ದಾಖಲೆ ಲಭ್ಯವಿಲ್ಲ.

ಬೇಬಿಯಕ್ಕ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿನಾಕೆ. ಲೈಟು ಕಂಬದ ಎತ್ತರ, ಉದ್ದ ಮುಖ, ತಲೆಗೆ ಸುತ್ತಿದ ಟವಲು, ಹುಬ್ಬಿನ ಮೇಲೆ ಸದಾ ರಾಗಿ ಹಿಟ್ಟು. ನಲವತ್ತು ವರ್ಷಕ್ಕೇ ನರೆತ ಹಾಗೆ ಕಾಣುತ್ತಿದ್ದಳು, ಅರವತ್ತಾದರೂ ಹಾಗೆಯೇ ಕಂಡಳು. ಮದುವೆಯಾಗಿತ್ತೋ ಇಲ್ಲವೋ, ಅದರಲ್ಲೂ ಊರಿನಲ್ಲಿ ಎರಡು ಪಕ್ಷ. ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಇದ್ದಿರಬೇಕು. ಹಿಂದೆಲ್ಲ ಸಿನಿಮಾದ ಮಕ್ಕಳ ಹೆಸರಿನ ಮುಂದೆ ಬೇಬಿ ಅಂತ ಹಾಕುತ್ತಿದ್ದರಲ್ಲ, ಅದನ್ನೇ ಊರು ಆಕೆಗೆ ಅಂಟಿಸಿತ್ತು. ಹಲ್ಲಿಲ್ಲದ ಮುದುಕರು ಬಂದು, "ಬೇಬಿ, ಕಡ್ಲೆಬ್ಯಾಳೆ ಅದೆ, ಒಸಿ ನುಣ್ಣುಗೆ ಬೀಸ್ಕೊಡವ್ವ" ಎನ್ನುವುದನ್ನು ಪರಸ್ಥಳದವರು ಕೇಳಿದರೆ ಒಂದು ಕ್ಷಣ ಅಕ್ಕಪಕ್ಕ ನೋಡುತ್ತಿದ್ದರು.

ಹೌದೆನ್ನುವವರ ವಾದ ಹೀಗೆ. ಶೂಟಿಂಗಿನವರು ನಮ್ಮ ಹೇಮಾವತಿ ದಂಡೆಗೆ ಬಂದಿದ್ದರು. ಕರೆತಂದಿದ್ದ ಹುಡುಗನಿಗೆ ಮೈಮೇಲೆ ಅಮ್ಮ ಎದ್ದಳು. ಅಲ್ಲೇ ದಂಡೆಯಲ್ಲಿ ದೇವರಿಗೆ ಮುಡಿ ಕೊಟ್ಟು ಬಂದಿದ್ದ ಬೋಳುತಲೆಯ ಹುಡುಗಿಯೊಂದು ಕಡಲೆಕಾಯಿ ತಿನ್ನುತ್ತಾ ನಿಂತಿತ್ತು. ಎತ್ತಿ ಚಡ್ಡಿ ಹಾಕಿದರು, ಹುಡುಗನಾಯಿತು. ತೆರೆಯ ಮೇಲಿನ ಆ ಚಿಗುರುಗೂದಲೇ ಸಾಕ್ಷಿ. ಅಲ್ಲವೆನ್ನುವವರು, ಅದು ಮದ್ರಾಸಿನ ಮಗು, ಈಗ ಅಲ್ಲೇ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅರಕಲಗೂಡಿನಲ್ಲಿ ಇನ್ನೊಬ್ಬ ಹಕ್ಕುದಾರರಿದ್ದರು. ಹೋಟೆಲಿನವರು, ಮೀಸೆ ಬೇರೆ. ಆ ಮಗು ನಾನೇ ಅಂತ ಗಲ್ಲಾಪೆಟ್ಟಿಗೆಯ ಹಿಂದೆ ಫೋಟೋ ಹಾಕಿಸಿಕೊಂಡಿದ್ದರು. ಈ ಸಮಾಚಾರವನ್ನು ಬೇಬಿಯಕ್ಕನಿಗೆ ಮುಟ್ಟಿಸಿದಾಗ ಆಕೆ ಜರಡಿ ಆಡಿಸುವುದನ್ನೂ ನಿಲ್ಲಿಸಲಿಲ್ಲ.

"ಅವ್ನೇ ಇರ್ಬೋದು ಕಣಪ್ಪ. ಒಳ್ಳೆ ಉಡುಗ" ಅಂದಳು.

ಮಕ್ಕಳು ನೇರವಾಗಿಯೇ ಕೇಳುತ್ತಿದ್ದವು, "ಅಜ್ಜಿ, ಅದು ನೀನೇನಾ?" ಅಂತ. "ನಾನಾದ್ರೆ ನಿಂಗೇನ್ಲಾ ಬತ್ತದೆ? ನಾನಲ್ದಿದ್ರೆ ನಿಂದೇನ್ ಓಯ್ತದೆ? ಡಬ್ಬ ಇಡ್ಕೊ ನೆಟ್ಗೆ."

ಕೆನ್ನೆಯ ಗುಳಿಯೊಂದೇ ಉಳಿದ ಸಾಕ್ಷ್ಯ. ಆದರೆ ಅದರ ಮಹಜರು ನಡೆಯಬೇಕಾದರೆ ಆಕೆ ನಗಬೇಕಿತ್ತು. ನಾನು ಖುದ್ದಾಗಿ ಗೋಧಿ ಹಿಡಿದುಕೊಂಡು ಹೋಗಿ, ಕಚೇರಿಯಲ್ಲಿ ಹೇಳಿದರೆ ಜವಾನನಿಂದ ತಹಸೀಲ್ದಾರರವರೆಗೆ ನಗುತ್ತಿದ್ದ ಪ್ರಸಂಗಗಳನ್ನು ಹೇಳಿದ್ದೇನೆ. ಮಿಷನ್ನಿನ ಸದ್ದಿಗೆ ಏನೂ ಕೇಳಿಸದೆ, ಆಕೆ ಕಿವಿಯ ಹಿಂದೆ ಕೈಯಿಟ್ಟು, "ದಪ್ಪಕ್ಕಾ, ಸಣ್ಣಕ್ಕಾ?" ಎಂದು ಕೇಳಿದ್ದಾಳೆ.

ಇನ್ನು ಕೈಯ ವಿಚಾರ. ಇದು ಹೇಗೆ ಶುರುವಾಯಿತೆಂಬುದಕ್ಕೆ ಮಾತ್ರ ನಾನೇ ಪ್ರತ್ಯಕ್ಷ ಸಾಕ್ಷಿ. ಒಮ್ಮೆ ಬೂವನಹಳ್ಳಿ ಕಡೆಯ ಗಂಡ ಹೆಂಡತಿ ಮಿಲ್ಲಿನಲ್ಲಿ ರಾಗಿ ಚೀಲಕ್ಕೆ ಕೈಹಾಕಿ ಎಳೆದಾಡುತ್ತಿದ್ದರು. ಜಗಳ ಯಾವುದಕ್ಕೋ, ಚೀಲ ಒಂದು ನೆಪ. ಎಳೆದಾಟದಲ್ಲಿ ಇಬ್ಬರ ಕೈಯೂ ತಿರುಗುವ ಬೆಲ್ಟಿನ ಹತ್ತಿರ ಹೋಯಿತು. ಬೇಬಿಯಕ್ಕ ಅವರಿಬ್ಬರ ಕೈ ಸೇರಿಸಿ ಹಿಡಿದು, ಮೇಲಿಂದ ತನ್ನ ಕೈಯಲ್ಲಿ ಫಟಾರನೆ ಬಾರಿಸಿ ಕೆಳಕ್ಕೆ ಒತ್ತಿದಳು. ಬೆರಳು ಉಳಿಯಲಿ ಅಂತ ಮಾಡಿದ ಕೆಲಸ. ಹಿಂದಿನ ಭಾನುವಾರವಷ್ಟೇ ಟೀವಿಯಲ್ಲಿ ಆ ಸಿನಿಮಾ ಬಂದಿತ್ತು. ಸಾಲಿನಲ್ಲಿ ನಿಂತಿದ್ದವರೊಬ್ಬರು, "ಅಯ್ಯೋ ಶಿವನೆ, ಪಿಚ್ಚರ್‌ನಲ್ಲಿದ್ದಂಗೇ ಮಾಡ್ಬುಟ್ಲಲ್ಲಾ!" ಅಂತ ಕೂಗಿದರು. ಆ ದಂಪತಿ ಗಾಬರಿಯಲ್ಲಿ ಜಗಳ ಮರೆತು ಒಂದೇ ಸೈಕಲ್ಲಿನಲ್ಲಿ ಊರಿಗೆ ಹೋದರು. ಅಲ್ಲಿಗೆ ಬೇಬಿಯಕ್ಕನ ಕೈಗುಣ ಜಿಲ್ಲೆಗೆ ಜಾಹೀರಾಯಿತು.

ಆಮೇಲೆ ಅದಕ್ಕೊಂದು ಶಾಸ್ತ್ರವೇ ಬೆಳೆಯಿತು. ಮುನಿಸಿಕೊಂಡ ಗಂಡ ಹೆಂಡತಿಯನ್ನು ಎರಡೂ ಕಡೆಯ ಹಿರಿಯರು ಮಿಲ್ಲಿಗೆ ಕರೆತರುವುದು. ಗಂಡನ ಮನೆಯದೊಂದು ಚೀಲ ರಾಗಿ, ಹೆಂಡತಿಯ ತವರಿನದೊಂದು. ಎರಡನ್ನೂ ಒಟ್ಟಿಗೆ ಮಿಷನ್ನಿಗೆ ಸುರಿದು ಬೀಸುವುದು. ಅದು ಬೀಸುವಷ್ಟು ಹೊತ್ತೂ ಇಬ್ಬರು ಖಾಲಿ ಚೀಲಗಳ ಮೇಲೆ ಕೂರಬೇಕು. ಕಡೆಗೆ ಬೇಬಿಯಕ್ಕ ಬಂದು ಕೈಮೇಲೆ ಕೈಯಿಟ್ಟು, ಅದರ ಮೇಲೆ ಹಿಟ್ಟಿನ ಕೈ ಇಡುವಳು. ಬೆರೆತ ಹಿಟ್ಟು ಎರಡೂ ಮನೆಗೆ ಪಾಲು. ಕೈಗೆ ಹತ್ತಿದ ಹಿಟ್ಟನ್ನು ಗಂಡನ ಮನೆ ಮುಟ್ಟುವವರೆಗೆ ತೊಳೆಯಬಾರದು. ಹಾಸನದಿಂದ ಕಾರು ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ಬಹಳ ಸಂಸಾರಗಳು ನೆಟ್ಟಗಾದವು. ನನ್ನ ತಿಳಿವಳಿಕೆಯ ಪ್ರಕಾರ ಅದು ಮಿಷನ್ನಿನ ಸದ್ದಿನ ಮಹಿಮೆ. ಅಷ್ಟು ಹೊತ್ತು ಎದುರುಬದುರು ಕೂತು ಒಂದು ಮಾತೂ ಬೈಯಲಾಗದೆ ಹೋದರೆ ಎಂಥ ಕೋಪವೂ ಸೊರಗುತ್ತದೆ. ಆದರೆ ಒಂದು ಕಟ್ಟು ಮಾತ್ರ ಬಿಗಿಯಾಗಿತ್ತು: ಬೇಬಿಯಕ್ಕನ ಕೈ ಬಿದ್ದ ಮೇಲೆ ಹೆಣ್ಣು ಮತ್ತೆ ತವರಿಗೆ ಬಂದು ಕೂರುವ ಹಾಗಿಲ್ಲ. ಬಂದರೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು.

ಈ ಕಟ್ಟಿನ ಬಿಸಿ ನನಗೆ ತಟ್ಟಿದ್ದು ನನ್ನ ತಂಗಿ ಸರೋಜಳ ದೆಸೆಯಿಂದ.

ಅವಳನ್ನು ಅರಕಲಗೂಡಿಗೆ ಕೊಟ್ಟಿದ್ದೆವು. ಗಂಡನದು ಹಾರ್ಡ್‌ವೇರ್ ಅಂಗಡಿ. ಕುಡಿಯುವವನಲ್ಲ, ಹೊಡೆಯುವವನಲ್ಲ, ಜೋರಾಗಿ ಕೆಮ್ಮುವವನೂ ಅಲ್ಲ. ಮಕ್ಕಳಾಗುವುದಿಲ್ಲ ಎಂದು ಹಾಸನದ ಡಾಕ್ಟರು ಹೇಳಿದ ದಿನ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಮನೆಗೆ ಬಂದನಂತೆ. ಅಂದಿನಿಂದ ಅವಳೊಡನೆ ಮಾತಾಡಲಿಲ್ಲ. ಹೇಳುವುದನ್ನು ಬೇರೆಯವರ ಮೂಲಕ ಹೇಳುವನು. ಅಂಗಡಿಯ ಆಳಿಗೆ, "ಒಳಗೆ ಹೇಳು, ಊಟಕ್ಕೆ ಬತ್ತೀನಿ ಅಂತ." ಯಾರೂ ಇಲ್ಲದಿದ್ದರೆ ಗೋಡೆಗೆ, "ಉಪ್ಪು ಕಮ್ಮಿ ಆಗದೆ." ಹೀಗೆ ಎಷ್ಟೋ ವರ್ಷ. ಸರೋಜ ಒಂದು ದಿನ ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದು, "ಅಣ್ಣಯ್ಯ, ನಂಗಾಗಲ್ಲ" ಅಂದಳು.

ನಮಗೆ ಅರ್ಥವಾಗಲಿಲ್ಲ. ನನ್ನ ಹೆಂಡತಿಯಂತೂ, "ಮಾತಾಡ್ದೇ ಇರೋ ಗಂಡ ಸಿಕ್ಕೋಕೂ ಪುಣ್ಯ ಮಾಡಿರ್ಬೇಕು ಕಣೆ" ಎಂದು ನನ್ನ ಕಡೆ ನೋಡುತ್ತಾ ಹೇಳಿದಳು. ನಾನು ಯೋಚಿಸಿದೆ. ದೂರಿನಲ್ಲಿ ಆರೋಪವೇ ಇಲ್ಲ. ಹೊಡೆತ ಬಡಿತ ಇಲ್ಲ, ಉಪವಾಸ ಕೆಡವಿಲ್ಲ. ಇಂಥ ಅರ್ಜಿ ಕಚೇರಿಗೆ ಬಂದಿದ್ದರೆ ತಳ್ಳಿಹಾಕುತ್ತಿದ್ದೆ. ಹಾಗಾಗಿ ಹಿರಿಯರೆಲ್ಲ ಸೇರಿ, ಬೇಬಿಯಕ್ಕನ ಕೈ ಬೀಳಲಿ, ಮುಗಿದುಹೋಗಲಿ ಎಂದು ತೀರ್ಮಾನಿಸಿದೆವು. ಸರೋಜ ಬೇಡ ಅಂದಳು. "ಅಲ್ಲಿ ಕೈ ಇಟ್ರೆ ಮುಗೀತು ಅಣ್ಣಯ್ಯ, ಆಮೇಲೆ ಸಾಯೋವರ್ಗೂ ನಾನು ಆ ಗೋಡೆ ಜೊತೆ ಇರ್ಬೇಕು" ಅಂದಳು. ಗೋಡೆ ಯಾಕೆ ಬಂತು ಎಂದು ನನಗೆ ಆಗ ಹೊಳೆಯಲಿಲ್ಲ.

ಹೋದೆವು. ನಾನು, ನನ್ನ ಹೆಂಡತಿ, ಸರೋಜ, ನಮ್ಮ ಮನೆಯ ರಾಗಿ. ಆ ಕಡೆಯಿಂದ ಅವಳ ಗಂಡ, ಅವನ ದೊಡ್ಡಪ್ಪ, ಅವರ ರಾಗಿ. ದೊಡ್ಡಪ್ಪ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು, ಹರಾಜು ಕೂಗಿ ಕೂಗಿ ದನಿ ಒಡೆದವರು. ಮಿಷನ್ನಿನ ಸದ್ದನ್ನು ಮೀರಿ ಮಾತಾಡಬಲ್ಲ ಮನುಷ್ಯ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

"ತಾಯಿ, ಇವುಕ್ಕೆ ಮಕ್ಳಿಲ್ಲ" ಎಂದು ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ ಕೂಗಿದರು. "ಇದ್ದಿದ್ರೆ ಆ ಪಿಚ್ಚರ್‌ನಲ್ಲಿದ್ದಂಗೆ ಅದೇ ಕೈ ಸೇರುಸ್ತಿತ್ತು. ಈಗ ನೀನೇ ಇವ್ರ ಮಗೂಂತ ತಿಳ್ಕೊಂಡು ಒಂದ್ ಕೈ ಆಕ್ಬುಡು!"

ಅರವತ್ತರ ಹೆಂಗಸು ತನ್ನ ಮಗುತನದ ಈ ಹೊಸ ನೇಮಕಾತಿಯನ್ನು ಕೇಳಿ ಜರಡಿಯನ್ನು ಕೆಳಗಿಟ್ಟಳು. ಸರೋಜಳ ಮುಖ ನೋಡಿದಳು. ಅವಳು ಚೀಲದ ಮೇಲೆ ಕೂತು ಎರಡು ಕೈಯನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಆಗ ಬೇಬಿಯಕ್ಕ ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು. ಹೋಗಿ ಸ್ವಿಚ್ಚು ಆರಿಸಿದಳು. ಬೆಲ್ಟು ಪಟಪಟ ಹೊಡೆದುಕೊಂಡು ನಿಧಾನವಾಗಿ ನಿಂತಿತು. ಇಷ್ಟು ವರ್ಷದಲ್ಲಿ ಆ ಮಿಲ್ಲಿನೊಳಗೆ ಗುಬ್ಬಚ್ಚಿ ಕೂಗುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

"ಏನ್ ಬೇಕಪ್ಪ ನಿಂಗೆ?" ಎಂದು ಗಂಡನನ್ನು ಕೇಳಿದಳು.

ಅವನು ನನ್ನ ಕಡೆ ತಿರುಗಿ, "ಮನೆಗೆ ಬರಕ್ಕೆ ಹೇಳಿ ಭಾವ" ಅಂದ.

"ಅವ್ಳು ಇಲ್ಲೇ ಕುಂತವ್ಳೆ. ಅವ್ಳಿಗೇ ಹೇಳು."

ಅವನು ಸರೋಜಳ ಕಡೆ ಅರ್ಧ ತಿರುಗಿದ. ಬಾಯಿ ತೆರೆದ. ನಿಜವಾಗಿ ಪ್ರಯತ್ನಪಟ್ಟನೆಂದೇ ನನಗನಿಸಿತು. ಮತ್ತೆ ನನ್ನ ಕಡೆಯೇ ತಿರುಗಿ, ಮೆಲ್ಲಗೆ, "ಹೇಳಿ ಭಾವ" ಅಂದ.

ಸಾಲಿನಲ್ಲಿ ಯಾರೋ ನಕ್ಕರು. ನಾನು ನಗಲಿಲ್ಲ. ಎಷ್ಟೋ ವರ್ಷ ಆ ಮನೆಯಲ್ಲಿ ನನ್ನ ಜಾಗದಲ್ಲಿ ಒಂದು ಗೋಡೆ ಇತ್ತೆಂಬುದು ಅದೇ ಗಳಿಗೆಯಲ್ಲಿ ನನ್ನ ತಲೆಗೆ ಹೊಕ್ಕಿತು.

ಬೇಬಿಯಕ್ಕ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಯಾರನ್ನೂ ನೋಡದೆ ಹೇಳಿದಳು:

"ಆವತ್ತು ಶೂಟಿಂಗ್‌ನಲ್ಲಿ ಆ ಅಮ್ಮಂಗೂ ಆಯಪ್ಪಂಗೂ ಮಾತಿರ್ಲಿಲ್ಲ. ಅದೇನ್ ಜಗಳವೋ. ಆಯಪ್ಪ ಕೆಲ್ಸ ಮುಗಿಸ್ದೆ ಕಾರತ್ಕೊಂಡು ಓಂಟೋದ. ಕೈ ಬೇಕಲ್ಲ? ಮಕಕ್ಕೆ ಬಣ್ಣ ಬಳಿಯೋನ್ನ ಕರ್ಕೊಂಬಂದು ಮಂಚದ ಮಗ್ಗುಲಲ್ಲಿ ಕುಂಡ್ರಿಸಿ, ಅವ್ನ ಕೈಯ ಮುಂದಕ್ ಚಾಚ್ಸಿದ್ರು. ಬೀಡಿ ವಾಸ್ನೆ. ನಂಗೆ ನಮ್ಮವ್ವ ಬೇಕಿತ್ತು, ಅಳ್ತಿದ್ದೆ. ಚೆನ್ನಾಗ್ ಅಳ್ತಾ ಅದೆ ಅಂತ ತಗುದ್ರು. ಊರೆಲ್ಲ ನೋಡಿ, ಸಂಸಾರ ಸರಿಯೋಯ್ತು ಅಂತ ಕಣ್ಣೊರ್ಸ್ಕತು."

ದೊಡ್ಡಪ್ಪ ತೊಡೆ ತಟ್ಟಿದರು. "ನೋಡುದ್ರಾ! ಅಂಗಾದ್ರೆ ಅದು ನೀನೇ ಅಂತಾಯ್ತಲ್ಲವ್ವಾ! ನಾನು ಮೊದ್ಲಿಂದ್ಲೂ ಅದ್ನೇ ಹೇಳ್ತಿದ್ದೆ!"

"ಯಾರೋ ಹೇಳಿದ್ದು" ಅಂದಳು ಬೇಬಿಯಕ್ಕ.

ಈಗಲೂ ನನಗೆ ಗೊತ್ತಿಲ್ಲ. ಕಂಡದ್ದನ್ನು ಹೇಳಿದಳೋ, ಕೇಳಿದ್ದನ್ನೋ, ಆ ಗಳಿಗೆಗೆ ಬೇಕಾಗಿ ಕಟ್ಟಿದಳೋ. "ನಾನು ಅಳ್ತಿದ್ದೆ" ಎಂದವಳು ಮರುಕ್ಷಣವೇ "ಯಾರೋ ಹೇಳಿದ್ದು" ಎಂದರೆ ಸಾಕ್ಷಿಯನ್ನು ಯಾವ ಕಡೆಗೆ ಸೇರಿಸಿಕೊಳ್ಳುವುದು?

ಆಕೆಗೆ ಆ ಚಿಂತೆ ಇರಲಿಲ್ಲ. ಸರೋಜಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಓಗ್ತೀಯಾ, ನಿನ್ ಕಾಲಲ್ಲಿ ನೀನ್ ಓಗು ಮಗ. ಅದ್ಕೆ ನನ್ ಕೈ ಯಾಕೆ? ಇರ್ತೀಯಾ, ಇರು. ನಾನು ಕೈ ಮಡುಗಾಕಿಲ್ಲ."

ಸರೋಜ ಸೆರಗಿನೊಳಗಿಂದ ಕೈ ಹೊರತೆಗೆದಳು. ಒಮ್ಮೆ ನನ್ನನ್ನು ನೋಡಿದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಗೊಂದಲದಲ್ಲಿ ಇದ್ದೆ ಎನ್ನುವುದೇ ಸರಿ. ಅವಳು ಚೀಲದ ಮೇಲಿಂದ ಎದ್ದು, ಅದರ ಬಾಯಿ ಬಿಚ್ಚಿ ಹೇಳಿದಳು: "ಅಕ್ಕಾ, ನಮ್ಮ ರಾಗಿ ಬ್ಯಾರೆ ಹಾಕಿ."

ಆಗ ಬೇಬಿಯಕ್ಕನ ಎಡಗೆನ್ನೆಯಲ್ಲಿ, ಹಿಟ್ಟಿನ ಅಡಿಯಲ್ಲಿ, ಏನೋ ಒಂದು ಒಳಕ್ಕೆ ಇಳಿದದ್ದನ್ನು ನಾನು ಕಂಡೆ. ಗುಳಿಯೋ, ವಯಸ್ಸಿನ ಸುಕ್ಕೋ, ಶಪಥ ಮಾಡಿ ಹೇಳಲಾರೆ. ಆಕೆ ಎದ್ದು ಸ್ವಿಚ್ಚು ಹಾಕಿದಳು. ನಮ್ಮ ರಾಗಿಯನ್ನು ಬೀಸಿ, ಮಿಷನ್ನಿನ ಬಾಯಿ ಗುಡಿಸಿ, ಆಮೇಲೆ ಅವರ ರಾಗಿಯನ್ನು ಬೀಸಿದಳು. ದೊಡ್ಡಪ್ಪ ಕೂಗಾಡಿದರು, ಆ ಸದ್ದಿನಲ್ಲೂ ಕೇಳಿಸಿತು, "ಇದ್ಯಾವ ಸೀಮೆ ನ್ಯಾಯ ಕಣಮ್ಮ! ಪಿಚ್ಚರ್‌ನಲ್ಲಿ ಇಂಗಿರ್ಲಿಲ್ಲ!" ಎಂದು. ಸರೋಜಳ ಗಂಡ ತನ್ನ ಚೀಲವನ್ನು ಹೆಗಲಿಗೇರಿಸಿ, "ಹೊರಟೆ ಅಂತ ಹೇಳಿ ಭಾವ" ಎಂದು ನನಗೆ ಹೇಳಿ ಹೋದ.

ಊರು ನಮ್ಮ ಮನೆಗೆ ಬಾಗಿಲು ಹಾಕಿಕೊಳ್ಳಲಿಲ್ಲ. ಕೈಯೇ ಬಿದ್ದಿಲ್ಲವಾದ್ದರಿಂದ ಕಟ್ಟು ಅನ್ವಯಿಸುವುದಿಲ್ಲವೆಂದು ಹಿರಿಯರು ವ್ಯಾಖ್ಯಾನಿಸಿದರು. ನಾನು ಮಾತ್ರ ಬೇಬಿಯಕ್ಕನ ಮೇಲೆ ಮುನಿದು, ಕೆಲವು ವಾರ ಹಿಟ್ಟಿಗೆ ಬೇರೆ ಬೀದಿಗೆ ಹೋದೆ. ಅಷ್ಟರಲ್ಲಿ ಹರದನಹಳ್ಳಿಯ ಒಂದು ಜೋಡಿ ಬಂದಾಗ ಆಕೆ ಚಕಾರವೆತ್ತದೆ ಕೈಯಿಟ್ಟು ಕಳಿಸಿದಳೆಂದು ಸುದ್ದಿ ಬಂತು. ನನಗೆ ರೇಗಿತು. ನೇರವಾಗಿ ಹೋಗಿ ಕೇಳಿದೆ. "ಅವ್ರಿಗಿಟ್ರೆ ನಮ್ಮೋರಿಗ್ಯಾಕೆ ಇಡಲಿಲ್ಲ?"

"ಅವ್ರು ದಾರಿಯುದ್ದಕ್ಕೂ ಬಯ್ಕಂಡು ಬಂದ್ರು ಕಣಪ್ಪ. ಅವಳು ಒಂದಂದ್ರೆ ಅವ್ನು ಎಲ್ಡು ಅಂತಿದ್ದ" ಅಂದಳು. "ಬಯ್ಯಕ್ಕಾದ್ರೂ ಮಕ ನೋಡ್ಬೇಕಲ್ಲ."

ಸರೋಜ ಹೊಲಿಗೆ ಕಲಿತಳು, ನಮ್ಮ ಪಡಸಾಲೆಯಲ್ಲೇ ಮಿಷನ್ನು ಇಟ್ಟಳು. ಮಧ್ಯಾಹ್ನ ಮಿಲ್ಲಿಗೆ ಹೋಗಿ ಬೇಬಿಯಕ್ಕನ ಜೊತೆ ಕೂರುವಳು. ಇಬ್ಬರೂ ಏನು ಮಾತಾಡುತ್ತಿದ್ದರೋ ತಿಳಿಯದು. ಒಮ್ಮೆ ಹಾದು ಹೋಗುವಾಗ ಆ ಸದ್ದಿನಲ್ಲಿ ಇಬ್ಬರ ಬಾಯಿಯೂ ಒಟ್ಟೊಟ್ಟಿಗೆ ಆಡುತ್ತಿದ್ದದ್ದನ್ನು ನೋಡಿದೆ. ಯಾರ ಮಾತು ಯಾರಿಗೆ ಕೇಳುತ್ತಿತ್ತೋ.

ಮೊನ್ನೆ ಬೇಬಿಯಕ್ಕನ ತಿಥಿಯನ್ನು ಚನ್ನರಾಯಪಟ್ಟಣದಿಂದ ಬಂದ ಆಕೆಯ ತಮ್ಮ ಮಾಡಿದ. ಶಾಮಿಯಾನದಲ್ಲಿ ಟೀವಿ ಇಟ್ಟು ಸಿನಿಮಾ ಹಾಕಿದರು. ಕಡೆಯ ದೃಶ್ಯವನ್ನು ನಿಲ್ಲಿಸಿ ಎಲ್ಲರೂ ಮುಂದೆ ಬಗ್ಗಿದರು. ದೂರದಿಂದ ತೋರಿಸುವಾಗ ಅಪ್ಪನ ಕೈಯಲ್ಲಿ ವಾಚಿದೆ. ಹತ್ತಿರದಿಂದ ತೋರಿಸುವಾಗ ಇಲ್ಲ. "ಆಯ್ತಲ್ಲ, ಬ್ಯಾರೆಯೋನ ಕೈ! ಅವ್ಳೇ ಅಂತ ರುಜುವಾತಾಯ್ತು" ಎಂದಿತು ಒಂದು ಪಕ್ಷ. "ಇದ ನೋಡೇ ಅವ್ಳು ಕತೆ ಕಟ್ಟವ್ಳೆ" ಎಂದಿತು ಇನ್ನೊಂದು. ತಮ್ಮನನ್ನೇ ಕೇಳಿದರು. "ನಾನವಾಗ ಉಟ್ಟಿರ್ಲಿಲ್ಲ" ಎಂದ. ಎಲೆ ಹಾಕಿದ್ದರಿಂದ ವಿಚಾರಣೆ ಮುಂದಕ್ಕೆ ಹೋಯಿತು.

ಪಂಕ್ತಿಯಲ್ಲಿ ಸರೋಜಳ ಗಂಡ ಕೂತಿದ್ದ. ಯಾರೂ ಕರೆದಿರಲಿಲ್ಲ. ತಲೆ ಪೂರ್ತಿ ನರೆತಿತ್ತು. ಸರೋಜ ಪಾಯಸ ಬಡಿಸುತ್ತಾ ಬಂದು ಅವನ ಎಲೆಗೂ ಬಡಿಸಿ ಮುಂದಕ್ಕೆ ಹೋದಳು. ಊಟವಾದ ಮೇಲೆ ಅವನು ನನ್ನ ಹತ್ತಿರ ಬಂದು ನಿಂತ. ಏನೋ ಹೇಳುವನೆಂದು ನಾನು ಸಿದ್ಧನಾದೆ, ಅಭ್ಯಾಸವಾಗಿತ್ತಲ್ಲ. ಹೇಳಲಿಲ್ಲ. ಅರಕಲಗೂಡಿನ ಬಸ್ಸಿಗೆ ಹೊರಟ. ಮರ್ಯಾದೆಗೆ ನಾನೂ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಸರೋಜ ದಾರ ತರುವುದಿದೆ ಎಂದು ಹಿಂದೆ ಬಂದಳು.

ಬಸ್ಸು ಬಂತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದುಕೊಂಡು, ಹಿಂದಕ್ಕೆ ತಿರುಗಿದ. ನನ್ನ ಕಡೆಗಲ್ಲ.

"ಸರೋಜ" ಅಂದ. ದನಿ ಒಡೆಯಿತು. "ಬತ್ತೀಯಾ?"

ಕಂಡಕ್ಟರು, "ಒಳಿಕ್ ಓಗಿ ಸಾ, ಬಾಗ್ಲಲ್ ನಿಂತ್ಕಬ್ಯಾಡಿ" ಎಂದ.

"ಇಲ್ಲ" ಅಂದಳು ಸರೋಜ.

ಅವನು ತಲೆಯಾಡಿಸಿ, "ಸರಿ" ಅಂದ. ಒಳಕ್ಕೆ ಹೋದ. ಬಸ್ಸು ಹೊರಟಿತು.

ಅದು ಹೊಳೆ ಸೇತುವೆಯ ಕಡೆ ತಿರುಗಿ ಕಾಣದಾದ ಮೇಲೆ ನೋಡಿದರೆ ನನ್ನ ತಂಗಿ ಅಳುತ್ತಿದ್ದಳು. ಆ ಮನೆಯಲ್ಲಿದ್ದ ಅಷ್ಟು ವರ್ಷ ಅಳದವಳು, ಮಿಲ್ಲಿನಲ್ಲಿ ಅಳದವಳು, ಬಸ್‌ಸ್ಟ್ಯಾಂಡಿನ ನಡುವೆ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ನನಗೆ ತಲೆ ಬುಡ ತಿಳಿಯಲಿಲ್ಲ.

"ಹೋಗ್ಬೇಕು ಅನ್ನಿಸ್ತೇನಮ್ಮಾ? ಮುಂದಿನ ಬಸ್ಸಿದೆ."

"ಊಹೂಂ."

"ಮತ್ಯಾಕೆ ಅಳ್ತೀಯ?"

"ಅವ್ರು ನನ್ನನ್ನೇ ಕೇಳಿದ್ರಲ್ಲ ಅಣ್ಣಯ್ಯ" ಅಂದಳು. "ಅದಕ್ಕೆ."